ಮುಂದಿನ ಸ್ಪ್ರಾಕೆಟ್‌ಗೆ ಒಂದೇ ಒಂದು ಹಲ್ಲು ಜಾಸ್ತಿ ಮಾಡಿದ್ದು: ನನ್ನ ಅನುಭವ

ಬೈಕಲ್ಲಿ ಲಾಂಗ್ ರೈಡ್ ಹೋದಾಗೆಲ್ಲ ನನ್ನ ಎಡಗಾಲು ಏಳನೇ ಗೇರ್ ಹುಡುಕ್ತಿತ್ತು, ಗಾಡೀಲಿ ಇರೋದೇ ಆರು. ಹೈವೇಲಿ 90ರಲ್ಲಿ ಹೋಗ್ತಿದ್ರೆ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಅನ್ನೋದು) ಮುಳ್ಳು 6000 ಹತ್ರ ನಿಂತಿರೋದು, ಇಂಜಿನ್‌ಗೆ ಇನ್ನೂ ಎಳೆಯೋ ತಾಕತ್ತಿದೆ ಅಂತ ಕೈಗೇ ಗೊತ್ತಾಗ್ತಿತ್ತು, ಗಂಟೆಗಟ್ಲೆ ಸುಮ್ನೆ ಅಷ್ಟೊಂದು ಸುತ್ತಿಸಿ ಪೆಟ್ರೋಲ್ ಯಾಕೆ ಸುಡ್ಬೇಕು ಅನ್ನಿಸ್ತು.

ಸ್ಪ್ರಾಕೆಟ್ ಅಂದ್ರೆ ಚೈನ್ ಕೂರೋ ಹಲ್ಲಿನ ಚಕ್ರ, ಒಂದು ಮುಂದೆ ಗೇರ್‌ಬಾಕ್ಸ್ ಹತ್ರ, ಇನ್ನೊಂದು ಹಿಂದಿನ ಚಕ್ರದಲ್ಲಿ. ನನ್ನದ್ರಲ್ಲಿ ಮುಂದೆ 14 ಹಲ್ಲು, ಹಿಂದೆ 42, ಅಂದ್ರೆ ಮುಂದಿನದು ಮೂರು ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ಮುಂದೆ 15 ಹಾಕಿದ್ರೆ ಅದು 2.8 ಆಗುತ್ತೆ, ಅದೇ 90ಕ್ಕೆ 5600 ಸಾಕು. ಹಿಂದಿನದ್ರಲ್ಲೇ ಇಷ್ಟು ಬದಲಾಗ್ಬೇಕಂದ್ರೆ ಮೂರು ಹಲ್ಲು ಕಮ್ಮಿ ಇರೋ 39 ಹಾಕ್ಬೇಕು, ಅದಕ್ಕೆ ಚಕ್ರಾನೇ ಬಿಚ್ಬೇಕು, ಹಾಗಾಗಿ ಮುಂದಿನದೇ ಬದಲಾಯಿಸಿದೆ.

ಕವರ್ ತೆಗೆದ್ರೆ ಒಳಗೆ ಧೂಳು ಎಣ್ಣೆ ಎಲ್ಲಾ ಸೇರಿ ಕಪ್ಪು ಮುದ್ದೆ, ಕೆರೆದು ತೆಗೆದ ಮೇಲೇನೇ ನಟ್ ಕಾಣಿಸಿದ್ದು. ಚೈನ್ ಮೇಲಿರುವಾಗ್ಲೇ ಆ ನಟ್ ಲೂಸ್ ಮಾಡ್ಕೊಳ್ಳಿ, ಮಡಚಿರೋ ವಾಷರ್ ಬಿಡಿಸಿ, ಗೇರ್‌ಗೆ ಹಾಕಿ, ಒಬ್ರು ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದ್ರೆ ಬರುತ್ತೆ, ಚೈನ್ ಇಳಿಸಿದ ಮೇಲೆ ಬ್ರೇಕ್ ಒತ್ತಿ ಏನೂ ಉಪಯೋಗ ಇಲ್ಲ. ಹಲ್ಲು ಜಾಸ್ತಿ ಆಗಿದ್ದಕ್ಕೆ ಚಕ್ರ ಸುಮಾರು 4 ಮಿಮೀ ಮುಂದೆ ಬರ್ಬೇಕಾಯ್ತು, ಎರಡೂ ಕಡೆ ಗುರುತು ಒಂದೇ ಸಮ ಇಟ್ಟೆ. ಹೊಸ ಚೈನ್ ಇದ್ದು ಚಕ್ರ ಆಗ್ಲೇ ಪೂರ್ತಿ ಮುಂದಿದ್ರೆ ಜಾಗಾನೇ ಸಿಗಲ್ಲ, ಮೊದಲೇ ನೋಡ್ಕೊಳ್ಳಿ. ಕವರ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ ಚೈನ್ ಎಲ್ಲೂ ಉಜ್ತಿಲ್ಲ ಅಂತ ಕಿವಿ ಕೊಟ್ಟು ಕೇಳಿದೆ.

ಆಮೇಲೆ ಮೊದಲ ಟ್ಯಾಂಕ್. ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಲೆಕ್ಕ ಹಾಕಿದ್ರೆ ಮುಂಚೆ ಲೀಟರಿಗೆ 36 ಕಿಮೀ ಬರ್ತಿದ್ದಿದ್ದು 33ಕ್ಕೆ ಇಳಿದಿತ್ತು! ತುಂಬಾ ಬೇಜಾರಾಯ್ತು, ವಾಪಸ್ ಹಳೇದೇ ಹಾಕೋಣ ಅಂತ ಸ್ಪ್ಯಾನರ್ ಕೂಡ ತೆಗೆದಿಟ್ಟಿದ್ದೆ. ಸುಮ್ನೆ ಒಂದ್ಸಲ ಫೋನಿನ ಜಿಪಿಎಸ್ ಹಾಕ್ಕೊಂಡು ಓಡ್ಸಿದ್ರೆ ಮೀಟರ್ 90 ಅನ್ನುತ್ತೆ, ಜಿಪಿಎಸ್ 96 ಅನ್ನುತ್ತೆ, ಮುಂಚೆ ಎರಡೂ ಹೆಚ್ಚುಕಮ್ಮಿ ಒಂದೇ ಇರ್ತಿದ್ವು. ಆಗ ಹೊಳೀತು, ನನ್ನ ಗಾಡೀಲಿ ಸ್ಪೀಡ್ ಸೆನ್ಸರ್ ಇರೋದು ಗೇರ್‌ಬಾಕ್ಸ್ ಹತ್ರ, ಚಕ್ರ ಈಗ ಎಷ್ಟು ಜಾಸ್ತಿ ಸುತ್ತುತ್ತೆ ಅಂತ ಅದಕ್ಕೇನು ಗೊತ್ತು. ಮುಂದಿನ ಚಕ್ರದಲ್ಲಿ ಸೆನ್ಸರ್ ಇರೋ ಗಾಡಿಗಳಿಗೆ ಈ ತೊಂದ್ರೆ ಇಲ್ಲ.

ಅಂದ್ರೆ ಎರಡು ತಪ್ಪು ಒಟ್ಟಿಗೆ ಆಗಿತ್ತು. ಮೀಟರ್ 100 ಕಿಮೀ ತೋರಿಸಿದಾಗ ನಿಜವಾಗ್ಲೂ ಓಡಿದ್ದು 107, ಹಾಗಾಗಿ ಆ 33 ಅನ್ನೋದು ನಿಜಕ್ಕೆ 35 ಚಿಲ್ಲರೆ. ಜೊತೆಗೆ ನಾನು 90 ಅನ್ಕೊಂಡು 96ರಲ್ಲಿ ಹೋಗಿದ್ದೆ, ಇಂಜಿನ್ ಅದೇ 6000 ಸುತ್ತುತಾ ಇತ್ತು, ಮೇಲಿಂದ ಗಾಳಿಯ ತಡೆ ಬೇರೆ ಜಾಸ್ತಿ, ಇನ್ನೆಲ್ಲಿ ಉಳಿಯುತ್ತೆ ಪೆಟ್ರೋಲ್.

ಮುಂದಿನ ರೈಡಲ್ಲಿ ಮೀಟರ್‌ನಲ್ಲಿ 84 ಹಿಡಿದು ಹೋದೆ, ನಿಜವಾದ 90. ಮೀಟರ್ ಲೆಕ್ಕದಲ್ಲಿ 35.2 ಬಂತು, 15ರಿಂದ ಗುಣಿಸಿ 14ರಿಂದ ಭಾಗಿಸಿದ್ರೆ 37.7. ಆಮೇಲಿನ ಎರಡು ಟ್ಯಾಂಕಲ್ಲೂ ಅದರ ಆಸುಪಾಸೇ. ಮೀಟರ್ ನಂಬ್ಕೊಂಡಿದ್ರೆ ಇವತ್ತಿಗೂ ಲಾಸ್ ಆಯ್ತು ಅಂತಾನೇ ಅನ್ಕೊಂಡಿರ್ತಿದ್ದೆ, ಬದಲಾಯಿಸಿದೋರು ದಯವಿಟ್ಟು ಈ ಲೆಕ್ಕ ಮಾಡಿ ನೋಡಿ.

ಕಳ್ಕೊಂಡಿದ್ದೂ ಇದೆ. ಟ್ರಾಫಿಕ್‌ನಲ್ಲಿ ಮೊದಲನೇ ಗೇರಲ್ಲಿ ಎತ್ತೋವಾಗ ಕ್ಲಚ್ ಸ್ವಲ್ಪ ಜಾಸ್ತಿ ಹೊತ್ತು ಹಿಡೀಬೇಕು. ಹಿಂದೆ ಒಬ್ರು ಕೂತು ಲಗೇಜೂ ಇದ್ದು ಏರು ಬಂತು ಅಂದ್ರೆ, ಇಲ್ಲಾ ಎದುರುಗಾಳಿ ಜೋರಾಗಿದ್ರೆ, ಆರನೇದ್ರಲ್ಲಿ ಆಕ್ಸಲರೇಟರ್ ಪೂರ್ತಿ ತಿರುವಿದ್ರೂ ಗಾಡಿ ಏಳಲ್ಲ, ಹಾಗೆ ಹಿಂಸೆ ಕೊಟ್ಟು ಓಡ್ಸಿದ್ರೆ ಪೆಟ್ರೋಲೂ ಉಳಿಯಲ್ಲ, ಐದಕ್ಕೆ ಇಳಿಸಿಬಿಡ್ತೀನಿ. ಅದಕ್ಕೇ 16 ಹಾಕೋ ಯೋಚ್ನೆ ಬಿಟ್ಟೆ, ಮೀಟರ್ ಗಾಜಿನ ಮೇಲೆ 84ರ ಹತ್ರ ಒಂದು ಸಣ್ಣ ಕೆಂಪು ಟೇಪ್ ಅಂಟಿಸ್ಕೊಂಡು 15ರಲ್ಲೇ ಓಡಿಸ್ತಿದೀನಿ.