ಹಿತ್ತಲಿನ ಮೀನುಕೊಳ: ಬೇಸಿಗೆಯಲ್ಲಿ ನಾನು ಕಾಯುವುದು ರಾತ್ರಿಯನ್ನು

ಬೇಸಿಗೆ ಬಂತೆಂದರೆ ಕೊಳ ಇಟ್ಟುಕೊಂಡವರು ಮಧ್ಯಾಹ್ನದ ಬಿಸಿಲಿಗೆ ಹೆದರುತ್ತಾರೆ. ನಾನು ಹೆದರುವುದು ಬೆಳಗಿನ ಜಾವಕ್ಕೆ. ಸತ್ತು ತೇಲುವ ಮೀನು ಕಣ್ಣಿಗೆ ಬೀಳುವುದು ಹೆಚ್ಚಾಗಿ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದಾಗಲೇ. ನಿನ್ನೆ ಸಂಜೆ ಚೆನ್ನಾಗಿಯೇ ಓಡಾಡಿಕೊಂಡಿದ್ದವಲ್ಲ, ರಾತ್ರೋರಾತ್ರಿ ಏನಾಯಿತು ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ಬಹಳಷ್ಟು ಸಲ ಆಗಿರುವುದು ಇಷ್ಟೇ: ಅವುಗಳ ಉಸಿರು ಕಟ್ಟಿದೆ.

ನನ್ನದು ಸಿಮೆಂಟಿನ ಕೊಳ. 8 ಅಡಿ ಉದ್ದ, 5 ಅಡಿ ಅಗಲ, 3 ಅಡಿ ಆಳ. ಒಂದು ಘನ ಅಡಿಗೆ 28.3 ಲೀಟರ್ ಹಿಡಿದರೆ ಸುಮಾರು 3,400 ಲೀಟರ್ ನೀರು. ಈ ಲೆಕ್ಕ ಒಮ್ಮೆ ಮಾಡಿ ಎಲ್ಲಾದರೂ ಬರೆದಿಡಿ. ಔಷಧಿ, ಉಪ್ಪು, ಕ್ಲೋರಿನ್ ತೆಗೆಯುವ ದ್ರಾವಣ, ಏನು ಹಾಕುವುದಕ್ಕೂ ಅದೇ ಆಧಾರ. ಕೊಳದಲ್ಲಿ ಗೋಲ್ಡ್‌ಫಿಶ್ ಇವೆ, ಒಂದೆರಡು ಕೋಯಿ (ಬಣ್ಣದ ದೊಡ್ಡ ಮೀನು) ಇವೆ, ಸೊಳ್ಳೆ ಮರಿ ತಿನ್ನಲಿ ಎಂದು ಬಿಟ್ಟ ಪುಟಾಣಿ ಗಪ್ಪಿ ಮೀನುಗಳಿವೆ. ಗಪ್ಪಿಗಳಲ್ಲಿ ಕೆಲವು ಕೋಯಿ ಬಾಯಿಗೆ ಹೋಗುತ್ತವೆ. ಉಳಿದವು ಮರಿ ಹಾಕಿ ಲೆಕ್ಕ ಸರಿ ಮಾಡುತ್ತವೆ, ಅದರ ಬಗ್ಗೆ ನಾನು ತಲೆಕೆಡಿಸಿಕೊಂಡಿಲ್ಲ.

ಉಸಿರಿನ ವಿಷಯಕ್ಕೆ ಬರೋಣ. ನೀರು ಬಿಸಿಯಾದಷ್ಟೂ ಗಾಳಿಯಿಂದ ಹೀರಿ ಹಿಡಿದಿಡುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ. ಇಳಿಕೆ ಅಷ್ಟೇನೂ ದೊಡ್ಡದಲ್ಲ ಅನ್ನಿಸಬಹುದು. ಆದರೆ ಮೀನಿನ ಮೈ ಬಿಸಿ ನೀರಿನ ಬಿಸಿಯೇ ಅಲ್ವಾ? ನೀರು 10 ಡಿಗ್ರಿ ಏರಿದರೆ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತಳದ ಕೆಸರನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಆಗಲೇ ಚುರುಕಾಗುತ್ತವೆ, ಅವಕ್ಕೂ ಆಮ್ಲಜನಕ ಬೇಕು. ಒಂದು ಕಡೆ ದಾಸ್ತಾನು ಕಡಿಮೆ, ಇನ್ನೊಂದು ಕಡೆ ಖರ್ಚು ಜಾಸ್ತಿ.

ಹಗಲು ಪಾಚಿ, ಗಿಡಗಳು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತವೆ. ಹಾಗಾಗಿ ಸುಡು ಮಧ್ಯಾಹ್ನದಲ್ಲೂ ಮೀನುಗಳು ಹೇಗೋ ಸಂಭಾಳಿಸಿಕೊಳ್ಳುತ್ತವೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ, ಅದೇ ಗಿಡಗಳು ಮೀನಿನ ಜೊತೆ ಸೇರಿ ಆಮ್ಲಜನಕ ಎಳೆದುಕೊಳ್ಳಲು ಶುರು ಮಾಡುತ್ತವೆ. ರಾತ್ರಿಯಿಡೀ ಇಳಿಯುತ್ತಾ ಹೋಗಿ, ಬೆಳಕು ಹರಿಯುವ ಸ್ವಲ್ಪ ಮೊದಲು ಆಮ್ಲಜನಕ ತೀರಾ ತಳ ಮುಟ್ಟುತ್ತದೆ. ನೀರು ದಟ್ಟ ಹಸಿರಾಗಿದ್ದಷ್ಟೂ ಈ ಏರಿಳಿತ ಜೋರು.

ಹಾಗಾಗಿ ಬೇಸಿಗೆಯಲ್ಲಿ ನನ್ನ ಕೊಳದ ಕೆಲಸವೆಲ್ಲ ರಾತ್ರಿಯ ಸುತ್ತಲೇ ನಡೆಯುತ್ತದೆ. ಮೊದಲನೆಯದು ಗಾಳಿ. ಎರಡು ಪಂಪ್ ಇವೆ. ಫಿಲ್ಟರ್‌ಗೆ ನೀರು ತಳ್ಳುವ ಪಂಪ್ ದಿನವಿಡೀ ಓಡುತ್ತದೆ, ಅದನ್ನು ನಿಲ್ಲಿಸುವ ಮಾತೇ ಇಲ್ಲ. ಇನ್ನೊಂದು ಗಾಳಿ ಪಂಪ್. ಅದರಿಂದ ಎರಡು ಏರ್ ಸ್ಟೋನ್‌ಗಳಿಗೆ, ಅಂದರೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ತೂತುತೂತಿನ ಕಲ್ಲುಗಳಿಗೆ, ಕೊಳವೆ ಹೋಗುತ್ತದೆ. ಶಬ್ದ ಆಗುತ್ತೆ, ಕರೆಂಟ್ ಉಳಿಯುತ್ತೆ ಎಂದು ಕೆಲವರು ರಾತ್ರಿ ಗಾಳಿ ಪಂಪ್ ಆಫ್ ಮಾಡಿ ಬೆಳಿಗ್ಗೆ ಹಾಕುತ್ತಾರೆ. ಪೂರ್ತಿ ಉಲ್ಟಾ! ಉಳಿಸಲೇಬೇಕು ಅಂದರೆ ಹಗಲು ಉಳಿಸಿ. ಸೂರ್ಯಾಸ್ತದಿಂದ ಬೆಳಗ್ಗೆ ಬಿಸಿಲು ಏರುವವರೆಗೂ ಅದು ಓಡುತ್ತಲೇ ಇರಬೇಕು.

ಗುಳ್ಳೆಗಳೇ ನೀರಿಗೆ ಆಮ್ಲಜನಕ ತುಂಬುತ್ತವೆ ಎಂದು ನಂಬಿದವರು ತುಂಬಾ ಜನ. ಇಷ್ಟು ಕಡಿಮೆ ಆಳದ ಕೊಳದಲ್ಲಿ ಗುಳ್ಳೆಯಿಂದ ನೇರವಾಗಿ ನೀರಿಗೆ ಸೇರುವುದು ಸ್ವಲ್ಪವೇ. ಗುಳ್ಳೆಗಳು ಮುಖ್ಯವಾಗಿ ಮಾಡುವುದು ತಳದ ನೀರನ್ನು ಮೇಲಕ್ಕೆತ್ತಿ, ಮೇಲ್ಮೈಯನ್ನು ಕಲಕುವ ಕೆಲಸ. ಕಲಕಿದ ಮೇಲ್ಮೈಯಲ್ಲಿ ಗಾಳಿಗೂ ನೀರಿಗೂ ಕೊಡುಕೊಳ್ಳುವಿಕೆ ನಡೆಯುತ್ತದೆ. ಅದಕ್ಕೇ ಏರ್ ಸ್ಟೋನನ್ನು ಮೂಲೆಗೆ ತಳ್ಳದೆ ಬಯಲಿನಲ್ಲಿ, ತಳಕ್ಕಿಂತ ತುಸು ಮೇಲೆ ಇಡುತ್ತೇನೆ. ತೀರಾ ತಳಕ್ಕೆ ಇಟ್ಟರೆ ಕೆಸರು ಎದ್ದು ರಾಡಿಯಾಗುತ್ತದೆ. ಕರೆಂಟ್ ಹೋದರೆ ಎಂದು ಬ್ಯಾಟರಿಯಲ್ಲಿ ಓಡುವ ಪುಟ್ಟ ಪಂಪ್ ಒಂದು ಪಕ್ಕದಲ್ಲೇ ಇರುತ್ತದೆ. ಬೇಸಿಗೆಗೆ ಮೊದಲೇ ಅದನ್ನು ಚಾರ್ಜ್ ಮಾಡಿ, ಒಮ್ಮೆ ಓಡಿಸಿ ನೋಡುತ್ತೇನೆ. ಕತ್ತಲಲ್ಲಿ ಬ್ಯಾಟರಿ ಸತ್ತಿದೆ ಅಂತ ಗೊತ್ತಾದರೆ ಏನು ಪ್ರಯೋಜನ?

ಕೊಳದ ಅಂಚಿನಲ್ಲಿ ಕಲ್ಲು ಜೋಡಿಸಿದ ಸಣ್ಣ ಝರಿ ಇದೆ. ಸಂಜೆಯಿಂದ ಬೆಳಗಿನವರೆಗೆ ಪೂರ್ತಿ ತೆರೆದಿಡುತ್ತೇನೆ. ರಾತ್ರಿ ಗಾಳಿಗೆ ಬೀಳುವ ನೀರು ಆರಿ ತಣ್ಣಗಾಗುತ್ತದೆ, ಆಮ್ಲಜನಕವೂ ಸಿಗುತ್ತದೆ. ಮಧ್ಯಾಹ್ನ ಮಾತ್ರ ಝರಿಯ ಕಡೆಯ ವಾಲ್ವ್ ಮುಚ್ಚಿ, ಫಿಲ್ಟರ್‌ನ ನೀರು ನೇರವಾಗಿ ಕೊಳಕ್ಕೆ ಬೀಳುವಂತೆ ಮಾಡುತ್ತೇನೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ತೆಳ್ಳಗೆ ಹರಿಯುವ ನೀರು ಅದರ ಕಾವನ್ನೆಲ್ಲ ಕೊಳಕ್ಕೆ ತಂದು ಸುರಿಯುತ್ತದೆ. ನಿಮ್ಮ ಝರಿ ನೆರಳಿನಲ್ಲಿದ್ದರೆ ಈ ತಾಪತ್ರಯ ಬೇಡ.

ನೆರಳಿಗೆ ಬಂದರೆ, ಕೊಳದ ಮೇಲೆ 50 ಶೇಕಡಾ ಬಿಸಿಲು ತಡೆಯುವ ಶೇಡ್ ನೆಟ್ ಕಟ್ಟಿದ್ದೇನೆ. ನೀರಿಗೆ ತೀರಾ ಹತ್ತಿರ ಬೇಡ. ತಲೆ ತಾಗದಷ್ಟು ಎತ್ತರ ಇದ್ದರೆ ಗಾಳಿ ಆಡುತ್ತದೆ, ಕೆಲಸಕ್ಕೂ ಅನುಕೂಲ. ಪಡುವಣ ಕಡೆಗೆ ನೆಟ್ ಕೆಳಗಿನವರೆಗೂ ಇಳಿಬಿಟ್ಟಿದ್ದೇನೆ, ಯಾಕೆಂದರೆ ನೀರನ್ನು ಜಾಸ್ತಿ ಕಾಯಿಸುವುದು ಮಧ್ಯಾಹ್ನದ ಮೇಲಿನ ಇಳಿ ಬಿಸಿಲು. ನೀರಿನ ಮೇಲೆ ನೈದಿಲೆ ಎಲೆಗಳು, ಸ್ವಲ್ಪ ಅಂತರಗಂಗೆ. ಎರಡೂ ಸೇರಿ ಮೇಲ್ಮೈಯ ಅರ್ಧಕ್ಕಿಂತ ತುಸು ಜಾಸ್ತಿ ಮುಚ್ಚಿದರೆ ಸಾಕು. ಅಂತರಗಂಗೆ ಬೇಸಿಗೆಯಲ್ಲಿ ಕಣ್ಣಿಗೆ ಕಾಣುವಷ್ಟು ವೇಗದಲ್ಲಿ ಹಬ್ಬುತ್ತದೆ. ಹಾಗೇ ಬಿಟ್ಟರೆ ನೀರು ಕಾಣುವುದೇ ಇಲ್ಲ, ಗಾಳಿ ತಾಗುವುದಕ್ಕೂ ಜಾಗ ಉಳಿಯುವುದಿಲ್ಲ. ಹೆಚ್ಚಾದದ್ದನ್ನು ಬಾಚಿ ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಅದನ್ನು ಮಾತ್ರ ಕೆರೆ, ಹೊಳೆಗೆ ಎಸೆಯಬೇಡಿ, ಅಲ್ಲಿ ಹಬ್ಬಿದರೆ ತೆಗೆಯುವವರಿಲ್ಲ.

ನೀರು ತುಂಬುವುದರಲ್ಲಿ ನನಗೆ ಜಾಸ್ತಿ ಎಚ್ಚರ. ಬಿಸಿಲಿಗೆ ಆವಿಯಾಗುವುದು ಬರೀ ನೀರು. ಅದರಲ್ಲಿದ್ದ ಲವಣ, ಮೀನಿನ ಕಸ ಕೊಳದಲ್ಲೇ ಉಳಿದು ಗಟ್ಟಿಯಾಗುತ್ತಾ ಹೋಗುತ್ತವೆ. ಇಳಿದಷ್ಟು ತುಂಬಿಸಿದರೆ ಮಟ್ಟ ಸರಿಹೋಗುತ್ತದೆ, ನೀರು ಸರಿಹೋಗುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರನ್ನು ತಳದಿಂದ, ಕೆಸರಿನ ಸಮೇತ, ಪೈಪ್‌ನಲ್ಲಿ ಎಳೆದು ಗಿಡಗಳಿಗೆ ಬಿಟ್ಟು, ಆಮೇಲೆ ಹೊಸ ನೀರು ಹಾಕುತ್ತೇನೆ. ನಲ್ಲಿ ನೀರಾದರೆ ಬಾಯಿ ಅಗಲದ ಡ್ರಮ್‌ನಲ್ಲಿ ಏರ್ ಸ್ಟೋನ್ ಹಾಕಿ ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ನೀರಿಗೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿ ಆದದ್ದು, ಸುಲಭಕ್ಕೆ ಹಾರಿಹೋಗದು) ಬೆರೆಸುವ ಕಡೆ ಈ ಉಪಾಯ ನಡೆಯದು, ಕ್ಲೋರಮೈನ್‌ಗೆ ಎಂದೇ ಇರುವ ಕಂಡಿಷನರ್ ದ್ರಾವಣ ಬೇಕೇ ಬೇಕು. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ನಿಜ. ಆದರೆ ನೆಲದಾಳದ ನೀರಿನಲ್ಲಿ ಆಮ್ಲಜನಕವೂ ತೀರಾ ಕಡಿಮೆ ಇರಬಹುದು. ಅದನ್ನು ಹನಿಹನಿಯಾಗಿ ಚಿಮ್ಮಿಸಿ ಬೀಳಿಸುವುದು ಒಳ್ಳೆಯದು.

ಇನ್ನೊಂದು ಸಣ್ಣ ವಿಷಯ, ಆದರೆ ಮೀನು ಕೊಲ್ಲುವಂಥದ್ದು. ಬಿಸಿಲಲ್ಲಿ ಬಿದ್ದಿರುವ ಪೈಪ್‌ನೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಮೊದಲು ಅದನ್ನು ಹೊರಗೆ ಹರಿಸಿ. ನಾನು ನೀರು ಹಾಕುವುದು ಬೆಳಗಿನ ಜಾವ, ನಿಧಾನವಾಗಿ. ಆ ಹೊತ್ತಿಗೆ ಕೊಳದ ನೀರೂ ಆದಷ್ಟು ತಣ್ಣಗಿರುತ್ತದೆ, ಹಾಗಾಗಿ ಎರಡರ ನಡುವೆ ವ್ಯತ್ಯಾಸ ಕಡಿಮೆ. ಇಡೀ ಕೊಳದ ಬಿಸಿ ಒಂದೇ ಸಲಕ್ಕೆ ಎರಡು ಮೂರು ಡಿಗ್ರಿಗಿಂತ ಜಾಸ್ತಿ ಬದಲಾಗಬಾರದು. ಮೀನಿಗೆ ನಿಧಾನವಾಗಿ ಏರಿದ ಬಿಸಿಗಿಂತ ಥಟ್ಟನೆ ಬಂದ ತಂಪು ಅಪಾಯ.

ಊಟ ಕಡಿಮೆ ಮಾಡಿ ಎಂದರೆ ಮನೆಯವರು ಯಾರೂ ಒಪ್ಪುವುದಿಲ್ಲ. ಮೀನು ಬಾಯಿ ತೆರೆದು ಮೇಲೆ ಬಂದರೆ ಹಸಿದಿದೆ ಎಂದು ಇನ್ನೊಂದು ಹಿಡಿ ಹಾಕುತ್ತಾರೆ. ತಿಂದ ಮೇಲೆ ಅರಗಿಸಲು ಮೀನಿಗೆ ಇನ್ನಷ್ಟು ಆಮ್ಲಜನಕ ಬೇಕು. ಸಂಜೆ ಹೊಟ್ಟೆ ತುಂಬಿಸಿದರೆ ಆ ಖರ್ಚು ನೇರ ರಾತ್ರಿಯ ಲೆಕ್ಕಕ್ಕೆ ಹೋಗುತ್ತದೆ. ನಾನು ಹಾಕುವುದು ಬೆಳಗ್ಗೆ ಬಿಸಿಲು ಚೆನ್ನಾಗಿ ಬಂದ ಮೇಲೆ, ಎರಡು ಮೂರು ನಿಮಿಷದಲ್ಲಿ ಖಾಲಿಯಾಗುವಷ್ಟು. ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಅರ್ಧ. 32 ದಾಟಿದರೆ ಉಪವಾಸ. ಆರೋಗ್ಯವಾಗಿರುವ ಗೋಲ್ಡ್‌ಫಿಶ್‌ಗೆ ಎರಡು ಮೂರು ದಿನ ಊಟವಿಲ್ಲದಿದ್ದರೆ ಏನೂ ಆಗುವುದಿಲ್ಲ.

ತಿನ್ನದೆ ಉಳಿದ ಊಟ, ಮೀನಿನ ಹಿಕ್ಕೆ ಎಲ್ಲ ಕೊನೆಗೆ ಅಮೋನಿಯಾ ಆಗುತ್ತದೆ. ಇದರ ವಿಷ ಪಿಎಚ್ ಮೇಲೆ, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಎನ್ನುವ ಅಳತೆಯ ಮೇಲೆ, ನಿಂತಿದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದಲ್ಲಿರುವುದು 1 ಶೇಕಡಾಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಸುಮಾರು 5 ಶೇಕಡಾ. 9ಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ! ಬಿಸಿ ಏರಿದರೆ ಇದು ಇನ್ನೂ ಏರುತ್ತದೆ. ಹಸಿರು ನೀರಿನ ಕೊಳದಲ್ಲಿ ಪಾಚಿ ಹಗಲೆಲ್ಲ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಸಂಜೆ ಹೊತ್ತಿಗೆ ಪಿಎಚ್ ಮೇಲೆ ಹೋಗಿರುತ್ತದೆ. ಆದ್ದರಿಂದ ಟೆಸ್ಟ್ ಕಿಟ್‌ನಲ್ಲಿ ಬೆಳಿಗ್ಗೆ ನೋಡಿ ಎಲ್ಲ ಸರಿಯಿದೆ ಎಂದು ಸುಮ್ಮನಾಗಬೇಡಿ. ನಾನು ಪಿಎಚ್ ಮತ್ತು ಅಮೋನಿಯಾ ನೋಡುವುದು ಇಳಿಹೊತ್ತಿನಲ್ಲಿ.

ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರ್ ಸ್ಪಂಜಿನಲ್ಲಿ ನೆಲೆಸಿರುತ್ತವೆ. ಸ್ಪಂಜನ್ನು ನಲ್ಲಿ ನೀರಿನಲ್ಲಿ ಫಳಫಳ ತೊಳೆದರೆ ಕ್ಲೋರಿನ್‌ಗೆ ಅವು ಸಾಯುತ್ತವೆ. ಕೊಳದ ನೀರನ್ನೇ ಬಕೆಟ್‌ನಲ್ಲಿ ತೆಗೆದುಕೊಂಡು ಹಿಂಡಿದರೆ ಸಾಕು. ಅದೂ ಈ ವಾರ ಅರ್ಧ, ಮುಂದಿನ ವಾರ ಉಳಿದರ್ಧ.

ಪಾಚಿಗೆ ಔಷಧಿ ಹಾಕುವುದನ್ನು ನಾನು ಬೇಸಿಗೆಯಲ್ಲಿ ಮಾಡುವುದೇ ಇಲ್ಲ. ಒಮ್ಮೆಲೇ ಸತ್ತ ಪಾಚಿ ಒಮ್ಮೆಲೇ ಕೊಳೆಯುತ್ತದೆ, ಕೊಳೆಯುವಾಗ ಇದ್ದಬದ್ದ ಆಮ್ಲಜನಕ ನುಂಗುತ್ತದೆ. ನೂಲು ಪಾಚಿಯನ್ನು ಒರಟು ಕೋಲಿಗೆ ಸುತ್ತಿ ಎಳೆದು ತೆಗೆಯುತ್ತೇನೆ. ಹಸಿರು ನೀರಿಗೆ ನೆರಳು, ಕಡಿಮೆ ಊಟ, ಗಿಡಗಳೇ ಮದ್ದು. ನಿಧಾನ, ಆದರೆ ಮೀನು ಉಳಿಯುತ್ತದೆ.

ಸೆಕೆಯ ದಿನಗಳ ನಡುವೆ ಮೋಡ ಕವಿದು ಗುಡುಗು ಮಳೆ ಬಂದರೆ ನಮಗೆ ಹಾಯೆನಿಸುತ್ತದೆ. ಕೊಳಕ್ಕೆ ಅದೇ ಕೆಟ್ಟ ದಿನ. ಬಿಸಿಲಿಲ್ಲದೆ ಪಾಚಿ ಹಗಲು ಆಮ್ಲಜನಕ ಮಾಡಿರುವುದಿಲ್ಲ. ಮೇಲೆ ಬಿದ್ದ ತಣ್ಣನೆಯ ಮಳೆನೀರು ಕೆಳಗಿಳಿದು, ತಳದಲ್ಲಿದ್ದ ಆಮ್ಲಜನಕವಿಲ್ಲದ ನೀರು ಮೇಲಕ್ಕೆ ಬೆರೆಯುತ್ತದೆ. ಆಳ ಜಾಸ್ತಿ ಇದ್ದು, ತಳದಲ್ಲಿ ಕೆಸರಿರುವ ಕೊಳದಲ್ಲಿ ಇದು ಇನ್ನೂ ಜೋರು. ಅಂಥ ದಿನ ಮಧ್ಯಾಹ್ನದಿಂದಲೇ ಎಲ್ಲ ಪಂಪ್ ಹಾಕಿಬಿಡುತ್ತೇನೆ, ಊಟ ಬಂದ್. ಅಂಗಳದ ಕೊಚ್ಚೆ ನೀರು ಕೊಳಕ್ಕೆ ಹರಿಯದಂತೆ ಸುತ್ತ ಕಟ್ಟೆ ಸ್ವಲ್ಪ ಎತ್ತರ ಇರುವುದೂ ಮುಖ್ಯ.

ಇಷ್ಟೆಲ್ಲ ಮಾಡಿಯೂ ಬೆಳಿಗ್ಗೆ ಮೀನುಗಳು ಮೇಲ್ಮೈಯಲ್ಲಿ ಸಾಲಾಗಿ ನಿಂತು ಬಾಯಿ ಬಡಿಯುತ್ತಿದ್ದರೆ, ಝರಿ ಬೀಳುವಲ್ಲೇ ಗುಂಪುಗೂಡಿದ್ದರೆ, ಅದು ಉಸಿರಾಟದ ತೊಂದರೆ. ಮೊದಲು ಕುಸಿಯುವುದು ದೊಡ್ಡ ಮೀನು. ಗಪ್ಪಿಯಂಥ ಸಣ್ಣವು ಮೇಲಿನ ತೆಳು ಪದರದ ನೀರಿನಲ್ಲೇ ಉಸಿರಾಡಿ ಬದುಕಿಕೊಳ್ಳುತ್ತವೆ. ದೊಡ್ಡವು, ಸಣ್ಣವು ಎಲ್ಲ ಒಟ್ಟಿಗೆ ಒದ್ದಾಡುತ್ತಿದ್ದರೆ ಕ್ಲೋರಿನ್ ಅಥವಾ ಬೇರೆ ವಿಷದ ಕಡೆ ಅನುಮಾನ ಪಡಿ.

ಉಸಿರಾಟದ ತೊಂದರೆ ಎಂದಾದರೆ ಹುಡುಕಾಡುತ್ತಾ ಕೂರಬೇಡಿ. ಬಕೆಟ್‌ನಲ್ಲಿ ಕೊಳದ ನೀರನ್ನೇ ಮೊಗೆದು ಎತ್ತರದಿಂದ ಸುರಿಯಿರಿ, ಮತ್ತೆ ಮೊಗೆದು ಸುರಿಯಿರಿ. ಇನ್ನೊಬ್ಬರು ಕ್ಲೋರಿನ್ ತೆಗೆದ ನೀರನ್ನು ತುಂತುರಾಗಿ ಬಿಡಲಿ. ಐಸ್ ಹಾಕಲು ಓಡುವವರಿದ್ದಾರೆ. 10 ಕಿಲೋ ಐಸ್ ಕರಗಿದರೆ 1,000 ಲೀಟರ್ ನೀರು ತಣ್ಣಗಾಗುವುದು ಸುಮಾರು ಒಂದು ಡಿಗ್ರಿ. ನನ್ನ ಕೊಳಕ್ಕೆ ಅಷ್ಟು ಮಾಡಲು 30 ಕಿಲೋಗಿಂತ ಜಾಸ್ತಿ ಬೇಕು. ಆ ಹೊತ್ತಿನಲ್ಲಿ ಬಕೆಟ್ ಹಿಡಿಯುವುದೇ ಮೇಲು. ಮೀನುಗಳು ಕೆಳಗಿಳಿದು ಓಡಾಡತೊಡಗಿದ ಮೇಲೆ ಒಂದು ದಿನ ಊಟ ಹಾಕದೆ, ಅಮೋನಿಯಾ ಮತ್ತು ನೈಟ್ರೈಟ್ ಎರಡನ್ನೂ ಪರೀಕ್ಷಿಸಿ. ಆಮ್ಲಜನಕ ಇಳಿದಾಗ ಫಿಲ್ಟರ್‌ನ ಬ್ಯಾಕ್ಟೀರಿಯಾಗಳೂ ಸೊರಗಿರುತ್ತವೆ. ಅವು ಚೇತರಿಸಿಕೊಳ್ಳಲು ಮೀನಿಗಿಂತ ಜಾಸ್ತಿ ಸಮಯ ಹಿಡಿಯುತ್ತದೆ.