ಕಾಕಾನ ಪೆನ್ಷನ್, ಕಾಕಾನ ಸಹಿ

ನಮ್ಮ ಕಾಕಾ ವಾಡಿ ಜಂಕ್ಷನ್ ಕಡೆ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರು. ದಿನಾ ಹಳಿಗುಂಟ ನಡೆಯೋದು, ಸಡಿಲಾದ ಕೀಲಿ ಕಂಡರೆ ಸುತ್ತಿಗೆಯಿಂದ ಬಡಿದು ಕೂಡಿಸೋದು. 2003ರಲ್ಲಿ ರಿಟೈರ್ ಆದರು. ಕೈಗಳು ಮಾತ್ರ ಇನ್ನೂ ಹಳಿ ಮೇಲೆ ಕೆಲಸ ಮಾಡಿದವರ ಕೈಗಳೇ. ಬೆರಳ ತುದಿಯ ಗೆರೆಗಳೆಲ್ಲ ಸವೆದು ನುಣುಪಾಗಿವೆ. ಇದು ನನ್ನ ಗಮನಕ್ಕೆ ಬಂದಿದ್ದು 2022ರ ನವೆಂಬರ್‌ನಲ್ಲಿ, ಪೆನ್ಷನ್‌ಗೆ ವರ್ಷಕ್ಕೊಮ್ಮೆ ಕೊಡಬೇಕಾದ, ಬದುಕಿದ್ದೀನಿ ಅನ್ನೋ ಜೀವನ ಪ್ರಮಾಣ ಪತ್ರ ಮಾಡಿಸುವಾಗ. ಹತ್ತೂ ಬೆರಳು ಇಟ್ಟು ನೋಡಿದೆವು. ಮಷೀನು ಒಂದನ್ನೂ ಹಿಡಿಯಲಿಲ್ಲ.

ಅದೇ ವರ್ಷ ಅವರಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಸೋತವು. ಕಾಕಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿಲ್ಲ. ಕಲಬುರಗಿಯಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ನಾನು, ನನ್ನ ಗಂಡ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರೋದು ಸಂಜೆಗೆ. ಊರ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ತಿಂಗಳಿಗೆ 12 ಸಾವಿರ. ಖರ್ಚೆಲ್ಲ ಕಾಕಾನ ಪೆನ್ಷನ್‌ನಿಂದಲೇ ನಡೆಯಬೇಕು. ಹಾಗಾಗಿ ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಪವರ್ ಆಫ್ ಅಟಾರ್ನಿ ಮಾಡಿಸಿಕೋ, ಎಲ್ಲ ಸಲೀಸಾಗುತ್ತೆ ಅಂತ ಹೇಳದವರಿಲ್ಲ. ನಾನು ಸ್ಟಾಂಪ್ ಪೇಪರ್ ಸಹ ತಂದಿಟ್ಟಿದ್ದೆ. ಬ್ಯಾಂಕಿಗೆ ಹೋದಾಗ ತಿಳಿಯಿತು, ಪೆನ್ಷನ್ ಖಾತೆಯನ್ನು ಪವರ್ ಆಫ್ ಅಟಾರ್ನಿ ಮೇಲೆ ನಡೆಸಲು ರಿಸರ್ವ್ ಬ್ಯಾಂಕ್ ಒಪ್ಪೋದಿಲ್ಲ. ಆದರೆ ಅದೇ ನಿಯಮದಲ್ಲಿ ಇನ್ನೊಂದು ದಾರಿ ಇದೆ. ಪೆನ್ಷನ್‌ದಾರರು ತಾವೇ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಡಬಹುದು. ಪ್ರತಿ ತಿಂಗಳು ಇಂಥ ತಾರೀಖು, ಇಂಥ ಖಾತೆಗೆ, ಇಷ್ಟು ರೊಕ್ಕ. ಒಮ್ಮೆ ಬರೆದುಕೊಟ್ಟರೆ ಸಾಕು, ತಿಂಗಳಾ ತಿಂಗಳಾ ಸಹಿ ಬೇಕಿಲ್ಲ. ನಮಗೆ ಬೇಕಾಗಿದ್ದು ಇದೇ ಆಗಿತ್ತು.

ಆದರೆ ಆ ಒಂದು ಸಹಿಯೇ ದೊಡ್ಡ ಕೆಲಸವಾಯಿತು.

ಕಾಕಾ ಶಾಲೆಗೆ ಹೋದವರಲ್ಲ. ಕೆಲಸಕ್ಕೆ ಸೇರಿದ ಮೇಲೆ ಜೊತೆಗಾರನೊಬ್ಬನಿಂದ ತಮ್ಮ ಹೆಸರು ಬರೆಯೋದು ಕಲಿತರು. ಪಗಾರದ ದಿನ ಉಳಿದವರು ಮಸಿ ಹಚ್ಚಿಕೊಂಡು ಹೆಬ್ಬೆಟ್ಟು ಒತ್ತುವಾಗ ತಾವು ಪೆನ್ನು ಹಿಡಿದು ಸಹಿ ಹಾಕುತ್ತಿದ್ದ ಕಥೆಯನ್ನು ನಾವು ಸಣ್ಣವರಿದ್ದಾಗ ಎಷ್ಟು ಸಲ ಕೇಳಿದ್ದೀವೋ. ಈಗ ಬಲಗೈ ಎತ್ತಲು ಆಗುತ್ತಿಲ್ಲ. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತೆ ಕಾಕಾ ಅಂದೆ. ಮುಖ ಆ ಕಡೆ ತಿರುಗಿಸಿದರು. "ನಾ ಹೆಬ್ಬೆಟ್ಟು ಅಲ್ಲ ಯವ್ವಾ" ಅಂದರು.

ಸುಮಾರು ಒಂದೂವರೆ ತಿಂಗಳು ಎಡಗೈಯಲ್ಲಿ ರೂಢಿ ಮಾಡಿದರು. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆಲ್ಲ ಅವರದೇ ಹೆಸರು. ಒಂದು ಕಡೆ ಅಕ್ಷರ ಬೆಟ್ಟದಷ್ಟು, ಇನ್ನೊಂದು ಕಡೆ ಕಾಳಿನಷ್ಟು. ಸಹಿ ಪ್ರತಿ ಸಲ ಒಂದೇ ಥರ ಬರದಿದ್ದರೆ ಮುಂದೆ ನಿಮಗೇ ತೊಂದರೆ ಅಂತ ಬ್ಯಾಂಕಿನವರು ಹೇಳಿದ್ದರು. ಆ ಮಾತು ಸರಿಯೇ ಇತ್ತು. ಕಡೆಗೆ ಬ್ಯಾಂಕಿನ ಅಧಿಕಾರಿಯೊಬ್ಬರು ಆಶ್ರಮಕ್ಕೇ ಬಂದರು. 70 ದಾಟಿದವರಿಗೆ, ನಡೆಯಲಾಗದವರಿಗೆ ಮನೆ ಬಾಗಿಲಲ್ಲಿ ಸೇವೆ ಕೊಡಬೇಕು ಅಂತ 2017ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಸುಮ್ನೆ ಬಾಯಿಮಾತಿನಲ್ಲಿ ಕೇಳಿದಾಗ ಯಾರೂ ಬಂದಿರಲಿಲ್ಲ, ಅರ್ಜಿ ಬರೆದುಕೊಟ್ಟ ಮೇಲೆ ಬಂದರು. ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ ಆಗಿರಬೇಕು. ಇನ್ನೊಬ್ಬರಾಗಿ ಆಶ್ರಮದ ಡಾಕ್ಟರ್ ನಿಂತರು. ಕೈ ಬೆರಳೂ ಆಗದಿದ್ದರೆ ಕಾಲಿನ ಹೆಬ್ಬೆಟ್ಟು ಸಹ ನಡೆಯುತ್ತೆ.

ಕಾಕಾ ಆ ದಿನ ಒತ್ತಿದರು. ಒತ್ತಿ ಆದ ಮೇಲೆ ಬೆರಳಿನ ಮಸಿಯನ್ನು ಧೋತರದ ಚುಂಗಿಗೆ ಬಹಳ ಹೊತ್ತು ಒರೆಸುತ್ತಾ ಕೂತಿದ್ದರು. ಅವತ್ತೇ ಬರುವಾಗ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಉದ್ದನೆ ಲೆಕ್ಕದ ಪುಸ್ತಕ ಕೊಂಡೆ. ಅದರ ವಿಷಯ ಆಮೇಲೆ ಹೇಳ್ತೀನಿ.

ಎರಡು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟೆವು. ಆಶ್ರಮದ ಖಾತೆಗೆ 12 ಸಾವಿರ, ಔಷಧ ಮತ್ತು ಕೈಖರ್ಚಿಗೆ 4 ಸಾವಿರ. ಎರಡನೆಯದು ಬರೋದು ನನ್ನ ಹೆಸರಿನ ಖಾತೆಗೇ. ಆದರೆ ಅದಕ್ಕೆಂದೇ ಹೊಸ ಖಾತೆ ತೆರೆದೆ, ಅದರಲ್ಲಿ ನನ್ನ ಒಂದು ರೂಪಾಯಿಯೂ ಸೇರಿಲ್ಲ. ಇದನ್ನು ಮಾತ್ರ ಎಲ್ಲರಿಗೂ ಗಟ್ಟಿಯಾಗಿ ಹೇಳ್ತೀನಿ. ನಮ್ಮ ರೊಕ್ಕ, ಅವರ ರೊಕ್ಕ ಒಂದೇ ಖಾತೆಯಲ್ಲಿ ಬೆರೆತರೆ, ಎಷ್ಟೇ ಪ್ರಾಮಾಣಿಕವಾಗಿದ್ದರೂ ಆರು ತಿಂಗಳಲ್ಲಿ ಲೆಕ್ಕ ನಮಗೇ ಸಿಗೋದಿಲ್ಲ. ಕಾಕಾನ ಎಟಿಎಂ ಕಾರ್ಡಿನ ಕವರ್ ಮೇಲೆ ಪಿನ್ ಬರೆದಿತ್ತು. ಅದನ್ನು ಬಂದ್ ಮಾಡಿಸಿದೆ. ನಾಮಿನಿ ಜಾಗದಲ್ಲಿ ತೀರಿಹೋದ ಕಾಕಿಯ ಹೆಸರೇ ಇತ್ತು. ಯಾರನ್ನು ಹಾಕಬೇಕು ಅಂತ ಕಾಕಾನನ್ನೇ ಕೇಳಿ ಬದಲಿಸಿದೆವು.

2023ರಲ್ಲಿ ಅವರಿಗೆ 80 ತುಂಬಿತು. ಕೇಂದ್ರ ಸರಕಾರದ ಪೆನ್ಷನ್‌ದಾರರಿಗೆ 80ಕ್ಕೆ ಮೂಲ ಪೆನ್ಷನ್‌ನ ಶೇ. 20 ಜಾಸ್ತಿ ಸಿಗುತ್ತೆ, 85ಕ್ಕೆ ಶೇ. 30, 90ಕ್ಕೆ ಶೇ. 40. ತುಟ್ಟಿಭತ್ಯೆ ಅದರ ಮೇಲೂ ಬರುತ್ತೆ. ತಾನಾಗೇ ಸೇರುತ್ತೆ ಅಂದುಕೊಂಡಿದ್ದೆ. ಮೂರು ತಿಂಗಳಾದರೂ ಪಾಸ್‌ಬುಕ್‌ನಲ್ಲಿ ಅದೇ ಮೊತ್ತ. ಕಾಕಾನ ಟ್ರಂಕಿನ ತಳದಲ್ಲಿ ಮಡಚಿ ಮಡಚಿ ಹರಿದುಹೋಗಿದ್ದ ಪಿಪಿಒ, ಅಂದರೆ ಪೆನ್ಷನ್ ಮಂಜೂರಾದ ಆದೇಶ ಪತ್ರ, ಹುಡುಕಿ ತೆಗೆದು, ಹುಟ್ಟಿದ ತಾರೀಖು ಇರುವ ಪುಟದ ಝೆರಾಕ್ಸ್ ಹಚ್ಚಿ ಅರ್ಜಿ ಕೊಟ್ಟೆ. ಬಾಕಿ ಸಮೇತ ಬಂತು. ಪಿಪಿಒ ನಂಬರ್ ಎಲ್ಲಾದರೂ ಬರೆದಿಟ್ಟುಕೊಳ್ಳಿ, ಎಲ್ಲಿಗೆ ಹೋದರೂ ಮೊದಲು ಅದನ್ನೇ ಕೇಳ್ತಾರೆ.

ಬೆರಳಿನ ಸಮಸ್ಯೆ ಮೊಬೈಲ್‌ನಿಂದ ಬಗೆಹರಿಯಿತು. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ 2021ರಿಂದ ಮುಖ ತೋರಿಸಿಯೂ ಪ್ರಮಾಣ ಪತ್ರ ಪಡೆಯಬಹುದು. ಜೊತೆಗೆ ಆಧಾರ್ ಫೇಸ್ ಆರ್‌ಡಿ ಅನ್ನೋ ಇನ್ನೊಂದು ಆ್ಯಪ್ ಬೇಕು. ಕೋಣೆಯ ಟ್ಯೂಬ್‌ಲೈಟ್ ಬೆಳಕು ಸಾಲಲಿಲ್ಲ. ಗಾಲಿಕುರ್ಚಿಯನ್ನು ಅಂಗಳದ ಬೇವಿನ ಗಿಡದ ಹತ್ತಿರ ತಂದೆವು. "ಕಾಕಾ, ಕಣ್ಣು ಮಿಟುಕಸ್ರಿ" ಅಂದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತುಬಿಡೋರು. ನಾಲ್ಕನೇ ಸಲಕ್ಕೆ ಆಯಿತು. 80 ದಾಟಿದವರು ನವೆಂಬರ್‌ಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು. ನಾನು ಈಗ ಅಕ್ಟೋಬರ್ ಮೊದಲ ವಾರದಲ್ಲೇ ಮುಗಿಸಿಬಿಡ್ತೀನಿ. ನವೆಂಬರ್‌ನಲ್ಲಿ ಮೋಸದ ಫೋನುಗಳೂ ಬರ್ತವೆ. ನಿಮ್ಮ ಪ್ರಮಾಣ ಪತ್ರ ಮುಗಿದಿದೆ, ಒಟಿಪಿ ಹೇಳಿ ಅಂತ ಕಾಕಾನಿಗೇ ಒಮ್ಮೆ ಬಂದಿತ್ತು. ಪುಣ್ಯಕ್ಕೆ ಪಕ್ಕದಲ್ಲಿದ್ದ ಆಯಾ ಫೋನ್ ಇಸಿದುಕೊಂಡು ಇಟ್ಟುಬಿಟ್ಟಳು. ರೊಕ್ಕ ಹೋದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಹೇಳಬೇಕು ಅಂತ ಆಶ್ರಮದ ಗೋಡೆ ಮೇಲೆ ಬರೆಸಿದ್ದೀವಿ.

ಕಾಕಾನಿಗೆ ಕೈಯಲ್ಲಿ ರೊಕ್ಕ ಬೇಕೇ ಬೇಕು. ಮೊದಲ ತಿಂಗಳು ನಾನು ಕೊಡಲಿಲ್ಲ. ಆಶ್ರಮದಲ್ಲಿ ಎಲ್ಲ ಸಿಗುತ್ತಲ್ವಾ, ಕಳೆದುಕೊಳ್ತಾರೆ ಅಂದುಕೊಂಡೆ. ಅವರು ಊಟ ಕಡಿಮೆ ಮಾಡಿಬಿಟ್ಟರು. "ಚಾ ಕೊಡೋ ಹುಡುಗಗ ಹಬ್ಬಕ್ಕ ಏನ್ ಕೊಡ್ಲಿ?" ಅಂತ ಕೇಳಿದಾಗ ನನಗೆ ಅರ್ಥವಾಯಿತು. ಈಗ ಪ್ರತಿ ತಿಂಗಳು ಐನೂರು, ಎಲ್ಲ ಹತ್ತು ಇಪ್ಪತ್ತರ ನೋಟು, ಬನಿಯನ್ನಿನ ಒಳಕಿಸೆಗೆ. ಅದರ ಲೆಕ್ಕ ನಾನು ಕೇಳೋದಿಲ್ಲ.

ಉಳಿದ ಲೆಕ್ಕ ಆ ಉದ್ದನೆ ಪುಸ್ತಕದಲ್ಲಿದೆ. ತಿಂಗಳ ಮೊದಲ ಭಾನುವಾರ ಹೋಗಿ ಜೋರಾಗಿ ಓದಿ ಹೇಳ್ತೀನಿ. ಪೆನ್ಷನ್ ಎಷ್ಟು ಬಂತು, ಆಶ್ರಮಕ್ಕೆ ಎಷ್ಟು, ಔಷಧಕ್ಕೆ ಎಷ್ಟು, ಖಾತೆಯಲ್ಲಿ ಎಷ್ಟು ಉಳಿದಿದೆ. ಬಿಲ್ಲುಗಳನ್ನು ಅದೇ ಪುಟಕ್ಕೆ ಅಂಟಿಸಿರ್ತೀನಿ. ಕೇಳಿ ಆದ ಮೇಲೆ ಕಾಕಾ ಎಡಗೈಯಲ್ಲಿ ಕೆಳಗೆ ಸಹಿ ಹಾಕ್ತಾರೆ. ಇಲ್ಲಿ ಹೇಗೆ ಬಂದರೂ ನಡೆಯುತ್ತೆ. ಆ ಪುಟದ ಫೋಟೊ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಹೋಗುತ್ತೆ. ಮುದುಕನ ಪೆನ್ಷನ್ ಯಾರು ತಿಂತಾರೋ ಅಂತ ಮದುವೆ ಮನೆಯಲ್ಲಿ ನನ್ನ ಬೆನ್ನ ಹಿಂದೆ ಮಾತಾಡಿದ್ದರು. ಅದನ್ನು ಕೇಳಿ ಮನೆಗೆ ಬಂದು ಅತ್ತಿದ್ದೆ. ಈಗ ಆ ಮಾತು ನಿಂತಿದೆ.

ಹೋದ ತಿಂಗಳು ಸಹಿಗೆ ಅಂತ ಪುಸ್ತಕ ಮುಂದಿಟ್ಟೆ. ಪೆನ್ನು ತಗೊಳ್ಳಲಿಲ್ಲ. "ಔಷಧಕ್ಕ ಯಾಕ ಇಷ್ಟ್ ಜಾಸ್ತಿ ಆಗ್ಯದ? ಇನ್ನೊಮ್ಮಿ ಓದು" ಅಂದರು. ನಾನು ಬಿಲ್ಲು ಒಂದೊಂದಾಗಿ ಮತ್ತೆ ಓದಿದೆ. ಒಂದು ಗುಳಿಗೆಯ ಬಿಲ್ಲು ಎರಡು ಸಲ ಕೂಡಿಸಿಬಿಟ್ಟಿದ್ದೆ. ತಿದ್ದಿ ಬರೆದೆ. ಆಮೇಲೆ ಸಹಿ ಹಾಕಿದರು.