ಒಂದು ಗ್ರಹಣ, ಮೂರು ಶಾಸ್ತ್ರಗಳು: ನನ್ನ ಅನುಭವ

ನನ್ನ ಓದು ಇತಿಹಾಸದ್ದು. ಅದರಲ್ಲಿಯೂ ಆಕರಗಳ ವಿಮರ್ಶೆ, ಅಂದರೆ ಒಂದು ಹಳೆಯ ಬರಹ ಯಾರ ಕೈಯಿಂದ, ಯಾವ ಉದ್ದೇಶಕ್ಕಾಗಿ, ಯಾವ ಮೂಲವನ್ನು ಎದುರಿಗಿಟ್ಟುಕೊಂಡು ಹುಟ್ಟಿತು ಎಂದು ಕೆದಕಿ ನೋಡುವ ಕೆಲಸ ನನಗೆ ರೂಢಿಯಾದದ್ದು. ಖಗೋಳವಿಜ್ಞಾನಿಯೊಬ್ಬರು ಮತ್ತು ಭೂಭೌತವಿಜ್ಞಾನಿಯೊಬ್ಬರ ಜೊತೆ ನಾನು ಕೆಲವು ವರ್ಷ ಕೂತು ಕೆಲಸ ಮಾಡುವಂತಾದದ್ದು ಒಂದೇ ಒಂದು ಪ್ರಶ್ನೆಯ ದೆಸೆಯಿಂದ: ಭೂಮಿ ತನ್ನ ಅಕ್ಷದ ಸುತ್ತ ತಿರುಗುವ ವೇಗ ಕಳೆದ ಎರಡೂವರೆ ಸಾವಿರ ವರ್ಷಗಳಲ್ಲಿ ಎಷ್ಟು ಕುಗ್ಗಿದೆ? ದೂರದರ್ಶಕ ಹುಟ್ಟುವುದಕ್ಕೆ ಮುಂಚಿನ ಕಾಲದ ಮಟ್ಟಿಗೆ ಇದನ್ನು ಅಳೆಯಲು ಹಳೆಯ ಗ್ರಹಣಗಳ ವರದಿಗಳಿಗಿಂತ ಒಳ್ಳೆಯ ಸಾಧನವಿಲ್ಲ. ಆ ವರದಿಗಳನ್ನು ಓದಬೇಕಾದವರು ಇತಿಹಾಸಕಾರರು, ಲೆಕ್ಕ ಹಾಕಬೇಕಾದವರು ಖಗೋಳವಿಜ್ಞಾನಿಗಳು, ಬಂದ ಉತ್ತರಕ್ಕೆ ಕಾರಣ ಹುಡುಕಬೇಕಾದವರು ಭೂಭೌತವಿಜ್ಞಾನಿಗಳು. ಬೇರೆ ಶಾಸ್ತ್ರಕ್ಕೆ ಕಾಲಿಡುವವರು ಅದರ ಮಾಹಿತಿಯನ್ನು ಕಲಿತರೆ ಸಾಕು ಎಂದು ಆರಂಭದಲ್ಲಿ ನಾನು ತಿಳಿದಿದ್ದೆ. ಮಾಹಿತಿ ಬೇಗನೆ ಬರುತ್ತದೆ. ಆ ಶಾಸ್ತ್ರದವರು ಯಾವುದನ್ನು ಅನುಮಾನಿಸುತ್ತಾರೆ, ಯಾವುದನ್ನು ಅನುಮಾನಿಸದೆ ಬಿಡುತ್ತಾರೆ ಎಂಬುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು.

ನಾನು ಮೊದಲು ಕೈಗೆತ್ತಿಕೊಂಡದ್ದು ಈ ವಿಷಯದಲ್ಲಿ ಅತ್ಯಂತ ಪ್ರಸಿದ್ಧವಾದ ದಾಖಲೆಯನ್ನು. ಕ್ರಿ.ಪೂ. 136ರ ಏಪ್ರಿಲ್ 15ರಂದು ಬ್ಯಾಬಿಲೋನಿನಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಅದನ್ನು ಕಂಡವರು ಜೇಡಿಮಣ್ಣಿನ ಫಲಕದ ಮೇಲೆ ಕ್ಯೂನಿಫಾರ್ಮ್ ಲಿಪಿಯಲ್ಲಿ ಬರೆದಿಟ್ಟರು. ಆ ಬರಹ ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸೆಲ್ಯೂಸಿಡ್ ಶಕದ 175ನೆಯ ವರ್ಷ, ಅಧಿಕ ಮಾಸ, 29ನೆಯ ದಿನ, ಸೂರ್ಯೋದಯದ ನಂತರ 24 ಉಶ್ ಆದಾಗ ಗ್ರಹಣ ಎಂದು ಅದು ಹೇಳುತ್ತದೆ. ಒಂದು ಹಗಲು ಮತ್ತು ಒಂದು ರಾತ್ರಿ ಸೇರಿದರೆ 360 ಉಶ್, ಆದ್ದರಿಂದ ಒಂದು ಉಶ್ ಎಂದರೆ ನಾಲ್ಕು ನಿಮಿಷ, 24 ಉಶ್ ಎಂದರೆ ಒಂದು ಗಂಟೆ 36 ನಿಮಿಷ. ಶುಕ್ರ ಮತ್ತು ಬುಧ ಕಂಡವು, ಮೌಢ್ಯದಲ್ಲಿದ್ದ, ಅಂದರೆ ಸೂರ್ಯನ ಸಮೀಪವಿದ್ದು ಕಣ್ಣಿಗೆ ಬೀಳದ ಅವಧಿಯಲ್ಲಿದ್ದ, ಗುರು ಮತ್ತು ಮಂಗಳ ಗ್ರಹಗಳೂ ಕಂಡವು ಎಂಬ ವಿವರವೂ ಅದರಲ್ಲಿದೆ. ಈಗ ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗಿದೆ ಎಂದು ಭಾವಿಸಿ ಆ ಗ್ರಹಣದ ನೆರಳಿನ ದಾರಿಯನ್ನು ಲೆಕ್ಕ ಹಾಕಿದರೆ, ಆ ದಾರಿ ಬ್ಯಾಬಿಲೋನಿಗಿಂತ ಸುಮಾರು 49 ಡಿಗ್ರಿ ರೇಖಾಂಶದಷ್ಟು ಪಶ್ಚಿಮಕ್ಕೆ ಹೋಗಿ ಬೀಳುತ್ತದೆ. ಅಂದರೆ ಭೂಮಿಯೆಂಬ ಗಡಿಯಾರ ಈ ಅವಧಿಯಲ್ಲಿ ಮೂರು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದೆ. ಹಸಿ ಜೇಡಿಮಣ್ಣಿನಲ್ಲಿ ಒತ್ತಿದ ಕೆಲವು ಬೆಣೆ ಗುರುತುಗಳು ಇಡೀ ಭೂಗೋಳದ ತಿರುಗುವಿಕೆಗೆ ಸಾಕ್ಷಿ ನುಡಿಯುತ್ತವೆ ಎಂಬುದನ್ನು ಮೊದಲ ಸಲ ಅರಿತ ದಿನ ನನಗೆ ರಾತ್ರಿ ನಿದ್ರೆ ಬರಲಿಲ್ಲ.

ಆದರೆ ಇದೇ ದಾಖಲೆಯ ಬಳಿಯೇ ನಾನು ಮೊದಲ ಬಾರಿಗೆ ಎಡವಿದೆ. ಖಗೋಳವಿಜ್ಞಾನಿ ಸ್ನೇಹಿತರು ಕಳಿಸಿದ ಪಟ್ಟಿಯಲ್ಲಿ ಈ ಗ್ರಹಣದ ವರ್ಷ ‘−135’ ಎಂದಿತ್ತು. ನಾನು ಅದನ್ನು ಕ್ರಿ.ಪೂ. 135 ಎಂದು ಓದಿಕೊಂಡು, ಆ ವರ್ಷದ ಏಪ್ರಿಲ್ ತಿಂಗಳಿಗೆ ಗ್ರಹಗಳ ಸ್ಥಾನಗಳನ್ನು ತೆಗೆದು, ಫಲಕದ ಮಾತಿನೊಂದಿಗೆ ಹೋಲಿಸಲು ಕೂತೆ. ಸೂರ್ಯನ ಬಳಿಯೇ ಮರೆಯಾಗಿರಬೇಕಾದ ಮಂಗಳ, ನನ್ನ ಲೆಕ್ಕದಲ್ಲಿ ಆಕಾಶದ ಹೆಚ್ಚುಕಡಿಮೆ ಎದುರು ಬದಿಯಲ್ಲಿತ್ತು. ಬೆಳಗಿನ ಹೊತ್ತು ಅದು ದಿಗಂತದ ಮೇಲೆ ಕಾಣುವ ಮಾತೇ ಇರಲಿಲ್ಲ. ಆಗ ನನ್ನ ಶಾಸ್ತ್ರ ನನಗೆ ಕಲಿಸಿದ್ದನ್ನೇ ಮಾಡಿದೆ, ಲಿಪಿಕಾರನನ್ನು ಅನುಮಾನಿಸಿದೆ. ಬೇರೊಂದು ವರ್ಷದ ಸಾಲು ಇಲ್ಲಿ ಸೇರಿಕೊಂಡಿರಬಹುದೇ, ಗ್ರಹಗಳ ಹೆಸರನ್ನು ಪ್ರತಿಕಾರ ತಪ್ಪಾಗಿ ಬರೆದಿರಬಹುದೇ ಎಂದು ಮೂರು ವಾರ ಟಿಪ್ಪಣಿಗಳನ್ನು ಬರೆದೆ. ಇತಿಹಾಸಕಾರರ ಎಣಿಕೆಯಲ್ಲಿ ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1; ಖಗೋಳವಿಜ್ಞಾನಿಗಳ ಎಣಿಕೆಯಲ್ಲಿ ನಡುವೆ ಸೊನ್ನೆ ವರ್ಷವೊಂದಿದೆ, ಆದ್ದರಿಂದ ಅವರ −135 ನಮ್ಮ ಕ್ರಿ.ಪೂ. 136. ಸ್ನೇಹಿತರು ಇದನ್ನು ಒಂದು ವಾಕ್ಯದಲ್ಲಿ ಹೇಳಿದರು. ವರ್ಷವನ್ನು ಸರಿಪಡಿಸಿಕೊಂಡು ನೋಡಿದಾಗ ಮಂಗಳ ಮತ್ತು ಗುರು ಎರಡೂ ಫಲಕ ಹೇಳಿದಂತೆಯೇ ಸೂರ್ಯನ ಮಗ್ಗುಲಿನಲ್ಲಿದ್ದವು. ಎರಡು ಸಾವಿರ ವರ್ಷಗಳ ಹಿಂದಿನ ಆ ವೀಕ್ಷಕ ಒಂದಕ್ಷರವನ್ನೂ ತಪ್ಪಿರಲಿಲ್ಲ.

ಅಂದಿನಿಂದ ನಾನು ಒಂದು ನೋಟ್ ಪುಸ್ತಕವನ್ನು ಇಟ್ಟುಕೊಂಡೆ. ಒಂದೇ ಪದಕ್ಕೆ ಮೂರು ಶಾಸ್ತ್ರಗಳಲ್ಲಿ ಇರುವ ಮೂರು ಅರ್ಥಗಳನ್ನು, ಒಂದೇ ಅರ್ಥಕ್ಕೆ ಇರುವ ಬೇರೆ ಬೇರೆ ಪದಗಳನ್ನು ಅದರಲ್ಲಿ ಬರೆಯುತ್ತಾ ಹೋದೆ. ಮೊದಲ ಪುಟದಲ್ಲಿ ದಿನದ ಆರಂಭವಿದೆ: ಬ್ಯಾಬಿಲೋನಿನವರಿಗೆ ಸೂರ್ಯಾಸ್ತ, ನಮಗೆ ನಡುರಾತ್ರಿ, ಖಗೋಳವಿಜ್ಞಾನಿಗಳ ಜೂಲಿಯನ್ ದಿನಸಂಖ್ಯೆಯಲ್ಲಿ ನಡುಹಗಲು. ‘ಸೆಕ್ಯುಲರ್’ ಎಂಬ ಪದಕ್ಕೆ ಒಂದು ಪೂರ್ತಿ ಪುಟ ಹೋಯಿತು. ನಮಗೆ ಅದು ಧರ್ಮನಿರಪೇಕ್ಷತೆ. ಖಗೋಳದಲ್ಲಿ ಅದು ಶತಮಾನಗಳುದ್ದಕ್ಕೂ ಒಂದೇ ದಿಕ್ಕಿಗೆ ಸಾಗುವ ನಿಧಾನ ಬದಲಾವಣೆ. ಚಂದ್ರನ ವೇಗ ಹೆಚ್ಚುತ್ತಿರುವಂತಿದೆ ಎಂಬುದನ್ನು ಹಳೆಯ ಗ್ರಹಣಗಳ ಆಧಾರದ ಮೇಲೆ ಎಡ್ಮಂಡ್ ಹ್ಯಾಲಿ 1695ರಲ್ಲಿಯೇ ಸೂಚಿಸಿದ್ದ. ಮುಂದೆ ಬಹುಕಾಲ ಈ ಚರ್ಚೆಯೆಲ್ಲ ‘ಚಂದ್ರನ ಸೆಕ್ಯುಲರ್ ವೇಗೋತ್ಕರ್ಷ’ ಎಂಬ ಹೆಸರಿನಡಿ ನಡೆಯಿತು. ಭೂಮಿಯೆಂಬ ಗಡಿಯಾರ ನಿಧಾನವಾದರೆ ಅದರಿಂದ ಅಳೆದ ಚಂದ್ರ ಚುರುಕಾದಂತೆ ತೋರುತ್ತದೆ. ಇದೇ ಸಂಗತಿಯನ್ನು ಇಂದಿನ ಖಗೋಳವಿಜ್ಞಾನಿಗಳು ‘ಡೆಲ್ಟಾ ಟಿ’ (ಒಂದೇ ವೇಗದಲ್ಲಿ ಸಾಗುವ ಕಾಲಕ್ಕೂ ಭೂಮಿಯ ತಿರುಗುವಿಕೆ ತೋರಿಸುವ ಕಾಲಕ್ಕೂ ಇರುವ ಅಂತರ) ಎಂದೂ ಭೂಭೌತವಿಜ್ಞಾನಿಗಳು ‘ದಿನದ ಉದ್ದ’ ಎಂದೂ ಕರೆಯುತ್ತಾರೆ. ಮೊದಲ ಆರು ತಿಂಗಳು ನಾನು ಒಂದು ಹೆಸರಿನಲ್ಲಿ ಮಾತ್ರ ಹುಡುಕಿದ್ದರಿಂದ, ಈ ವಿಷಯದ ಮುಕ್ಕಾಲು ಪಾಲು ಬರಹ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇದು ನಮ್ಮ ವಿಷಯಕ್ಕೆ ಮಾತ್ರ ಸೀಮಿತವಾದ ತೊಡಕಲ್ಲ. ಒಂದು ಘಟನೆ ನಡೆಯುವವರೆಗೆ ಎಷ್ಟು ಕಾಲ ಹಿಡಿಯುತ್ತದೆ ಎಂದು ಲೆಕ್ಕ ಹಾಕುವ, ವೈದ್ಯಕೀಯದಲ್ಲಿ ‘ಸರ್ವೈವಲ್ ಅನಾಲಿಸಿಸ್’ ಎನ್ನುವ ವಿಧಾನವೇ ಎಂಜಿನಿಯರಿಂಗಿನಲ್ಲಿ ‘ರಿಲಯಬಿಲಿಟಿ’, ಅರ್ಥಶಾಸ್ತ್ರದಲ್ಲಿ ‘ಡ್ಯುರೇಶನ್’, ಸಮಾಜಶಾಸ್ತ್ರದಲ್ಲಿ ‘ಈವೆಂಟ್ ಹಿಸ್ಟರಿ’ ಎಂಬ ಹೆಸರುಗಳಲ್ಲಿ ಬಾಳುತ್ತಿದೆ. ಹೊಸ ಶಾಸ್ತ್ರಕ್ಕೆ ಹೊರಟವರು ಅಲ್ಲಿನ ಪ್ರಬಂಧಗಳಿಗೆ ಕೈ ಹಾಕುವ ಮುಂಚೆ ಅಲ್ಲಿನ ಪದವಿ ತರಗತಿಯ ಪಠ್ಯಪುಸ್ತಕದ ಪದಸೂಚಿಯನ್ನು ಕೂತು ಓದಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಎರಡನೆಯ ದೊಡ್ಡ ಪಾಠವನ್ನು ಕಲಿಸಿದ್ದು ಮಧ್ಯಯುಗದ ಒಂದು ದಾಖಲೆ. ಇಂಗ್ಲೆಂಡಿನ ಪೀಟರ್‌ಬರೋ ಮಠದ ವೃತ್ತಾಂತದಲ್ಲಿ 1135ನೆಯ ವರ್ಷದ ಕೆಳಗೆ ಹೀಗೊಂದು ಸಂಗತಿಯಿದೆ: ಮೊದಲನೆಯ ಹೆನ್ರಿ ದೊರೆ ಆಗಸ್ಟ್ ಆರಂಭದಲ್ಲಿ ಸಮುದ್ರ ದಾಟಿದ, ಮರುದಿನ ಅವನು ಹಡಗಿನಲ್ಲಿ ಮಲಗಿದ್ದಾಗ ಹಗಲೇ ಕತ್ತಲಾಯಿತು, ಸೂರ್ಯ ಮೂರು ರಾತ್ರಿಯ ಚಂದ್ರನಂತಾದ, ನಡುಹಗಲಲ್ಲಿ ಅವನ ಸುತ್ತ ನಕ್ಷತ್ರಗಳು ಕಂಡವು, ಅದೇ ವರ್ಷ ದೊರೆ ತೀರಿಕೊಂಡ. ಹೆನ್ರಿ ಸತ್ತದ್ದು 1135ರ ಡಿಸೆಂಬರ್ 1ರಂದು ನಿಜ. ಗ್ರಹಣವಾದದ್ದು ಮಾತ್ರ 1133ರ ಆಗಸ್ಟ್ 2ರಂದು. ದೊರೆಯ ಸಾವಿನ ಪಕ್ಕಕ್ಕೆ ಅಪಶಕುನವನ್ನು ತಂದಿಡುವುದು ವೃತ್ತಾಂತಕಾರರ ಹಳೆಯ ರೂಢಿಯಾದ್ದರಿಂದ, ನಾನು ಯೋಚಿಸದೆ ಈ ದಾಖಲೆಯನ್ನು ಪಟ್ಟಿಯಿಂದ ಹೊರಗಿಟ್ಟೆ. ನನ್ನ ಶಾಸ್ತ್ರದಲ್ಲಿ ಇದು ತಪ್ಪಲ್ಲ. ಕಾಲವನ್ನೇ ಎರಡು ವರ್ಷ ತಪ್ಪಿದ ಸಾಕ್ಷಿಯನ್ನು ನಾವು ನಂಬುವುದಿಲ್ಲ.

ಖಗೋಳವಿಜ್ಞಾನಿ ಸ್ನೇಹಿತರು ಅದನ್ನು ಮತ್ತೆ ಮೇಜಿನ ಮೇಲಿಟ್ಟರು. ವರ್ಷ ತಪ್ಪಿದ್ದರೂ ದಿನ ತಪ್ಪಿಲ್ಲ, ನೋಡಿ ಎಂದರು. ಆಮೇಲೆ ಅವರು ಬೆರಳಿಟ್ಟು ತೋರಿಸಿದ್ದು ‘ಮೂರು ರಾತ್ರಿಯ ಚಂದ್ರ’ ಎಂಬ ಮಾತನ್ನು. ನಾನು ಅದನ್ನು ಬರೆಯುವವನ ಅಲಂಕಾರವೆಂದು ದಾಟಿಹೋಗಿದ್ದೆ. ಅವರಿಗೆ ಅದು ಅಳತೆಯಾಗಿತ್ತು. ಸೂರ್ಯನ ತೆಳುವಾದ ಕೊಂಬು ಉಳಿದಿತ್ತು ಎಂದರೆ ನೋಡಿದ ಜಾಗದಲ್ಲಿ ಗ್ರಹಣ ಖಗ್ರಾಸವಾಗಲಿಲ್ಲ, ಅಂದರೆ ನೆರಳಿನ ದಾರಿ ಆ ಜಾಗವನ್ನು ತಪ್ಪಿಸಿ ಹೋಯಿತು, ಅಂದರೆ ಭೂಮಿಯ ತಿರುಗುವಿಕೆಗೆ ಅಲ್ಲೊಂದು ಎಲ್ಲೆ ಸಿಗುತ್ತದೆ. ಅಪಶಕುನವನ್ನು ಮೆರೆಸಬೇಕೆಂದಿದ್ದವನು ಸೂರ್ಯ ಪೂರ್ತಿ ನಂದಿಹೋದ ಎಂದು ಬರೆದಿದ್ದರೆ ಕೇಳುವವರಿರಲಿಲ್ಲ. ಹಾಗೆ ಬರೆಯದೆ, ಉಳಿದಷ್ಟನ್ನು ಉಳಿದಂತೆ ಬರೆದಿದ್ದಾನೆ. ಆ ಸಂಜೆ ನಾನು ಹೊರಗಿಟ್ಟಿದ್ದ ದಾಖಲೆಗಳನ್ನೆಲ್ಲ ಮತ್ತೆ ತೆಗೆದು ಓದಲು ಶುರುಮಾಡಿದೆ.

ಅವರಿಗೂ ನನ್ನಿಂದ ಸಲ್ಲಬೇಕಾದದ್ದಿತ್ತು. ಇನ್ನೊಂದು ಗ್ರಹಣಕ್ಕೆ ಬೇರೆ ಬೇರೆ ಮಠಗಳ ಐದು ವರದಿಗಳು ಒಂದೇ ಮಾತನ್ನು ಹೇಳುತ್ತಿದ್ದುದರಿಂದ ಅವರು ಅವನ್ನು ಐದು ಸಾಕ್ಷಿಗಳೆಂದು ಎಣಿಸಿ, ಅನಿಶ್ಚಿತತೆಯನ್ನು ಅದಕ್ಕೆ ತಕ್ಕಂತೆ ಇಳಿಸಿದ್ದರು. ನಾನು ಮೂಲ ಪಾಠಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ನಾಲ್ಕರಲ್ಲಿ ಒಂದೇ ವ್ಯಾಕರಣದೋಷವಿತ್ತು. ನಾಲ್ಕು ಮಂದಿ ಒಂದೇ ಆಕಾಶವನ್ನು ನೋಡಬಹುದು, ಆದರೆ ಒಂದೇ ತಪ್ಪನ್ನು ಬೇರೆ ಬೇರೆಯಾಗಿ ಮಾಡುವುದಿಲ್ಲ. ಪ್ರತಿಗಳ ವಂಶವೃಕ್ಷ ಬರೆದ ಮೇಲೆ ಐದು ಸಾಕ್ಷಿಗಳು ಎರಡಕ್ಕೆ ಇಳಿದವು. ಸ್ವತಂತ್ರ ಅಳತೆ ಎಂಬುದು ಅವರ ಶಾಸ್ತ್ರದಲ್ಲಿ ಗಣಿತದ ಮಾತು. ನಮ್ಮಲ್ಲಿ ಅದು ಯಾರು ಯಾರ ಹಸ್ತಪ್ರತಿಯನ್ನು ನೋಡಿ ಬರೆದರು ಎಂಬ ಮಾತು. ಎರಡೂ ಒಂದೇ ಎಂದು ನಮ್ಮಿಬ್ಬರಿಗೂ ಗೊತ್ತಾದದ್ದು ಆ ಮೇಜಿನ ಮುಂದೆ.

ಭೂಭೌತವಿಜ್ಞಾನಿ ಸ್ನೇಹಿತರ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಹೆಚ್ಚುಕಡಿಮೆ? ನಾನು ‘ನಡುಹಗಲು’ ಎಂದು ಕೊಟ್ಟರೆ ಅವರು ಎಷ್ಟು ನಿಮಿಷದ ಅಂತರದಲ್ಲಿ ಎಂದು ಕೇಳುತ್ತಿದ್ದರು. ಆರಂಭದಲ್ಲಿ ಇದು ಅಸಾಧ್ಯದ ಬೇಡಿಕೆಯೆಂದು ತೋರಿತು. ಮಠಗಳ ಗಂಟೆಗಳು ಸಮಾನವಾದವಲ್ಲ. ಹಗಲನ್ನು ಹನ್ನೆರಡು ಭಾಗ ಮಾಡುತ್ತಿದ್ದುದರಿಂದ ಬೇಸಿಗೆಯ ಗಂಟೆ ಉದ್ದ, ಚಳಿಗಾಲದ ಗಂಟೆ ಗಿಡ್ಡ. ಅದೂ ಸಾಲದೆಂಬಂತೆ, ‘ನೋನಾ’ ಎಂದರೆ ಒಂಬತ್ತನೆಯ ಗಂಟೆ, ಸುಮಾರು ಮಧ್ಯಾಹ್ನ ಮೂರು; ಆ ಪದ ಮಧ್ಯಯುಗದಲ್ಲಿ ನಿಧಾನವಾಗಿ ಹಿಂದಕ್ಕೆ ಸರಿದು ಹನ್ನೆರಡು ಗಂಟೆಗೆ ಬಂದು ನಿಂತಿತು, ಇಂಗ್ಲಿಷಿನ ‘ನೂನ್’ ಹುಟ್ಟಿದ್ದು ಅದರಿಂದಲೇ. ಹೀಗಾಗಿ ಒಂದು ವೃತ್ತಾಂತದ ‘ನೋನಾ’ ಯಾವ ಹೊತ್ತು ಎಂದು ತಿಳಿಯಲು ಆ ಮಠದ ಆ ಕಾಲದ ಇತರ ಬರಹಗಳನ್ನು ಓದಬೇಕಾಯಿತು. ಅದನ್ನು ಮಾಡಿ, ಪ್ರತಿ ಪದದ ಎದುರು ಇಷ್ಟರಿಂದ ಇಷ್ಟರವರೆಗೆ ಎಂದು ಬರೆದುಕೊಟ್ಟೆ. ಇತಿಹಾಸಕಾರರು ಅಡಿಟಿಪ್ಪಣಿಯಲ್ಲಿ ವಾಕ್ಯಗಳಾಗಿ ಬರೆಯುವ ಸಂದೇಹವನ್ನು ಅಂಕಿಯಾಗಿ ಬರೆಯಲು ಸಾಧ್ಯವಿದೆ, ಅದರಿಂದ ಸಂದೇಹ ಹಗುರವಾಗುವುದಿಲ್ಲ ಎಂದು ನಾನು ಈಗ ನಂಬುತ್ತೇನೆ.

ಒಂದು ಅಪಾಯವನ್ನು ಮಾತ್ರ ಮೂವರೂ ಸೇರಿ ಕಾಯಬೇಕಾಯಿತು. ವರ್ಷ ಸ್ಪಷ್ಟವಿಲ್ಲದ ವರದಿಗೆ ಲೆಕ್ಕದಿಂದ ಸರಿಹೊಂದುವ ಗ್ರಹಣವನ್ನು ಆರಿಸಿಕೊಂಡು, ಮತ್ತೆ ಅದೇ ವರದಿಯಿಂದ ಭೂಮಿಯ ವೇಗವನ್ನು ಲೆಕ್ಕ ಹಾಕಿದರೆ ಮೊದಲೇ ನಂಬಿದ್ದ ಉತ್ತರವೇ ಹೊರಬರುತ್ತದೆ. ಭೌತವಿಜ್ಞಾನಿ ರಾಬರ್ಟ್ ನ್ಯೂಟನ್ ಈ ಸುತ್ತುವಾದವನ್ನು ‘ಗುರುತಿಸುವ ಆಟ’ ಎಂದು ಕರೆದು ಕಟುವಾಗಿ ಟೀಕಿಸಿದ್ದರು. ಕಾಲನಿರ್ಣಯ ಬರಹದಿಂದಲೇ ಆಗಬೇಕು, ಗ್ರಹಣದ ಲೆಕ್ಕದಿಂದ ಆಗಕೂಡದು ಎಂಬ ನಿಯಮವನ್ನು ನಾವು ಹಾಕಿಕೊಂಡೆವು. 1133ರ ದಾಖಲೆ ಈ ನಿಯಮವನ್ನು ದಾಟಿ ಬಂದದ್ದು ಬೇರೆ ಬರಹಗಾರರು ಅದೇ ಗ್ರಹಣವನ್ನು ಸರಿಯಾದ ವರ್ಷಕ್ಕೆ ಬರೆದಿದ್ದರಿಂದ.

ಈ ದಾರಿಯಲ್ಲಿ ನಮಗಿಂತ ಬಹಳ ಮುಂದೆ ನಡೆದವರ ಫಲಿತಾಂಶ ನಮ್ಮ ಕಣ್ಣೆದುರಿಗಿತ್ತು. ಸ್ಟೀಫನ್ಸನ್, ಮಾರಿಸನ್ ಮತ್ತು ಹೋಹೆನ್‌ಕರ್ಕ್ 2016ರಲ್ಲಿ ಕ್ರಿ.ಪೂ. 720ರಿಂದ ಇತ್ತೀಚಿನವರೆಗಿನ ದಾಖಲೆಗಳನ್ನು ಒಟ್ಟುಗೂಡಿಸಿ, ದಿನದ ಉದ್ದ ಶತಮಾನಕ್ಕೆ ಸುಮಾರು 1.78 ಮಿಲಿಸೆಕೆಂಡು ಹೆಚ್ಚುತ್ತಿದೆ ಎಂದು ತೋರಿಸಿದರು. ಸಮುದ್ರದ ಉಬ್ಬರವಿಳಿತದ ಘರ್ಷಣೆಯೊಂದೇ ಕಾರಣವಾಗಿದ್ದರೆ ಅದು ಸುಮಾರು 2.3 ಆಗಬೇಕಿತ್ತು. ಇದು ಚಂದ್ರನ ಮೇಲಿಟ್ಟ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ ಎಂದು ಅಳೆದುದರಿಂದ ಸಿಗುವ ಅಂಕಿ. ಈ ವ್ಯತ್ಯಾಸವೇ ಭೂಭೌತದವರಿಗೆ ಬೇಕಾದ ಸಂಪತ್ತು. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ನೆಲ ಇಂದಿಗೂ ಮೇಲೇಳುತ್ತಿದೆ, ಅದರಿಂದ ಭೂಮಿಯ ಚಪ್ಪಟೆತನ ಚೂರು ಕಡಿಮೆಯಾಗಿ ತಿರುಗುವಿಕೆ ಚೂರು ಚುರುಕಾಗುತ್ತದೆ. ಒಳಗಿನ ತಿರುಳಿನ ಪಾಲೂ ಇದರಲ್ಲಿ ಇರಬಹುದು.

ಬರೆಯುವ ಹೊತ್ತಿಗೆ ಇನ್ನಷ್ಟು ತಿಕ್ಕಾಟವಾಯಿತು. ಅವರಿಗೆ ಆರು ಪುಟ ಸಾಕು, ನನಗೆ ಅರವತ್ತು ಸಾಲದು. ಮೊದಲು ಕಳಿಸಿದ ಪತ್ರಿಕೆಯೊಂದು ಆಕರಗಳ ಚರ್ಚೆಯನ್ನೆಲ್ಲ ಕತ್ತರಿಸಿ ಎಂದಿತು. ಇನ್ನೊಂದು, ಸಮೀಕರಣಗಳು ನಮ್ಮ ಓದುಗರಿಗೆ ಬೇಡ ಎಂದಿತು. ಕೊನೆಗೆ ಪ್ರಬಂಧವನ್ನು ಚಿಕ್ಕದಾಗಿಟ್ಟು, ಜೊತೆಗೆ ಒಂದು ದೀರ್ಘ ಕೋಷ್ಟಕವನ್ನು ಲಗತ್ತಿಸಿದೆವು. ಅದರಲ್ಲಿ ಪ್ರತಿ ದಾಖಲೆಯ ಎದುರು ಮೂರು ಅಂಕಣಗಳಿವೆ, ಮೂವರಲ್ಲಿ ಪ್ರತಿಯೊಬ್ಬರೂ ಆ ದಾಖಲೆಯನ್ನು ಏಕೆ ಅನುಮಾನಿಸಿದರು ಎಂದು ಬರೆಯಲು. 1133ರ ಸಾಲಿನಲ್ಲಿ ನನ್ನ ಅಂಕಣದಲ್ಲಿ ‘ವರ್ಷ ತಪ್ಪು, ಶಕುನದ ಒಲವು’ ಎಂದಿದೆ. ಪಕ್ಕದ ಅಂಕಣದಲ್ಲಿ ‘ದಿನ ಸರಿ, ಕೊಂಬು ಉಳಿದಿತ್ತು’ ಎಂದಿದೆ. ಮೂರನೆಯದರಲ್ಲಿ ‘ನಡುಹಗಲು’ ಎಂಬ ಪದದ ಎದುರು ಎರಡು ಅಂಕಿಗಳಿವೆ. ಬ್ಯಾಬಿಲೋನಿನ ಸಾಲಿನಲ್ಲಿ ನನ್ನ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.